ಬಿ.ಎಸ್ಸಿ.ಗೊಂದು ಬಸ್ಸು

ಕಾಪು ಪೇಟೆಯಲ್ಲಿ ಒಂದು ಹೋಟೆಲಿನ ಒಲೆ ಮಾತ್ರ ಹೊತ್ತಿಕೊಂಡಿದೆ. ನಿಂತ ಬಸ್ಸಿನೊಳಗೆ ಕಂಡಕ್ಟರ್ ದೇಜಪ್ಪ ಒದ್ದೆ ಬಟ್ಟೆ ಹಿಡಿದು ಸೀಟು ಒರೆಸುತ್ತಿದ್ದಾರೆ. ಮುಂದಿನ ಎರಡು ಸಾಲುಗಳಿಗೆ ಮರ್ಯಾದೆ ಹೆಚ್ಚು. ಅವು ಕಾಲೇಜು ಹುಡುಗಿಯರ ಜಾಗ. ಇದು ಎಂಬತ್ತೆರಡರ ಮೇ ತಿಂಗಳು. ಪರೀಕ್ಷೆ ಮುಗಿಸಿದ ಹುಡುಗಿಯರು ಮನೆಯಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಾರೆ. "ಜೂನಿನಲ್ಲಿ ಬರ್ತಾರಲ್ಲ," ಎನ್ನುತ್ತಾರೆ ದೇಜಪ್ಪ, ಜೂನ್ ನಾಳೆಯೇ ಎಂಬಂತೆ.

ಕಾರ್ಕಳದ ಕಡೆಯವರು. ಎಂಟನೆಯ ಕ್ಲಾಸು ಬಿಟ್ಟು ಬಂದು ಮೊದಲು ಬಸ್ಸು ತೊಳೆದರು, ಆಮೇಲೆ ಬಾಗಿಲಲ್ಲಿ ನೇತಾಡಿದರು, ಕೊನೆಗೆ ಹೆಗಲಿಗೆ ಚರ್ಮದ ಚೀಲ ಬಂತು. ದಿನಕ್ಕೆ ನಾಲ್ಕು ಸಲ ಉಡುಪಿಗೆ, ಅದರಲ್ಲಿ ಎರಡು ಸಲ ಮಣಿಪಾಲದವರೆಗೆ. ಅಷ್ಟೂ ದೂರ ನಿಂತೇ. "ಕಾಲಿನ ನರ ಉಬ್ಬಿದೆ. ಡಾಕ್ಟರು ಕೂತುಕೊಳ್ಳಿ ಅಂದ್ರು. ಅವರು ನಮ್ಮ ಬಸ್ಸಿಗೆ ಹತ್ತಿದವರಲ್ಲ."

ಏಪ್ರಿಲ್ ನಡುವೆ ಬರುವ ತುಳುವರ ಹೊಸ ವರ್ಷ, ಬಿಸು ಹಬ್ಬ ಕಳೆದ ಮೇಲೆ, ಬಸ್ಸು ಅರ್ಧ ಖಾಲಿ ಓಡುವ ದಿನಗಳಲ್ಲಿ, ಅವರ ಇನ್ನೊಂದು ಕೆಲಸ ಶುರುವಾಗುತ್ತದೆ. ವಾರದ ರಜೆಯಲ್ಲಿ ಮನೆಮನೆಗೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರಂತೆ ಜಗಲಿಯಲ್ಲಿ ಕೂತು, ಕೊಟ್ಟ ಬೆಲ್ಲ-ನೀರು ಕುಡಿದು, ಪಿಯುಸಿ ಬರೆದ ಮಗಳ ಮುಂದಿನ ವರ್ಷದ ಕತೆ ಎಂತ ಎಂದು ವಿಚಾರಿಸುತ್ತಾರೆ. ಇಲ್ಲಿನ ತಂದೆಯರಿಗೆ ಕಾಲೇಜಿನ ಮೇಲೆ ತಕರಾರಿಲ್ಲ. ತಕರಾರೆಲ್ಲ ಸಂಜೆಯ ಮೇಲೆ. ದೀಪ ಹಚ್ಚುವ ಮೊದಲು ಹುಡುಗಿಯನ್ನು ಕಾಪುವಿನಲ್ಲಿ ಇಳಿಸುತ್ತೇನೆಂದು ದೇಜಪ್ಪ ಮಾತು ಕೊಡುತ್ತಾರೆ. ಆ ಮಾತಿನ ಮೇಲೆ ಬಿ.ಎ. ಮುಗಿಸಿದವಳೊಬ್ಬಳು ಈಗ ಮಣಿಪಾಲದ ಬ್ಯಾಂಕಿನಲ್ಲಿದ್ದಾಳೆ. ಚಿಲ್ಲರೆಗೆ ಬರಗಾಲ ಬಂದಾಗ ದೇಜಪ್ಪ ಸೀದಾ ಅವಳ ಕೌಂಟರಿಗೇ ಹೋಗುತ್ತಾರೆ.

ಈ ಸಲ ಎಡವಿದ್ದು ಯಜ್ಞನಾರಾಯಣ ಭಟ್ಟರ ಜಗಲಿಯಲ್ಲಿ. ಭಟ್ಟರು ದೇವಸ್ಥಾನದ ಅರ್ಚಕರು. ಮಗಳು ಮನೋರಮಾಗೆ ಉಡುಪಿಯಲ್ಲಿ ಬಿ.ಎಸ್ಸಿ. ಓದುವ ಹಟ. ಸಂಜೆ ಉಡುಪಿಯಿಂದ ನಾಲ್ಕೂ ಐವತ್ತಕ್ಕೆ ಹೊರಡುವ ತನ್ನ ಬಸ್ಸಿನಲ್ಲೇ ಕರೆತರುತ್ತೇನೆಂದು ದೇಜಪ್ಪ ಎಂದಿನಂತೆ ಹೇಳಿದರು. ಭಟ್ಟರು ತಲೆಯಾಡಿಸಿದರು. ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಬಾಗಿಲ ಹಿಂದಿನಿಂದ ಮನೋರಮಾಳ ಸ್ವರ.

"ದೇಜಪ್ಪಣ್ಣ, ವಾರಕ್ಕೆ ಮೂರು ದಿನ ಪ್ರಾಕ್ಟಿಕಲ್ ಉಂಟಂತೆ. ಬಿಡುವಾಗ ಐದಾಗ್ತದೆ."

ಸುಳ್ಳು ಹೇಳಲು ಬಾರದ ಹುಡುಗಿ ತನ್ನ ಓದಿಗೆ ತಾನೇ ಕಲ್ಲು ಹಾಕಿಕೊಂಡಳು. ದೇಜಪ್ಪನವರಿಗೆ ಗೊತ್ತಿದ್ದುದು ನಾಲ್ಕಕ್ಕೇ ಬಿಡುವ ಬಿ.ಎ. ಮಾತ್ರ. "ಪಾಠ ಮುಗಿದ ಮೇಲೆ ಗ್ಲಾಸಿನಲ್ಲಿ ನೀರು ಕುದಿಸುತ್ತಾ ನಿಲ್ಲಲಿಕ್ಕೆ ಉಂಟು ಅಂತ ನನಗೆಂತ ಗೊತ್ತು?" ಎನ್ನುತ್ತಾರೆ ಈಗ.

"ಹಾಗಾದರೆ ಬಿ.ಎ.ಗೇ ಹೋಗಲಿ ಮಾರಾಯ," ಎಂದರು ಭಟ್ಟರು. "ಅದಕ್ಕೂ ಡಿಗ್ರಿ ಕೊಡ್ತಾರೆ, ಅಲ್ವಾ?"

ಒಳಗೆ ಕೊಡಪಾನವೊಂದು ಬೇಕಾದ್ದಕ್ಕಿಂತ ಜೋರಾಗಿ ನೆಲ ಮುಟ್ಟಿತು. ದೇಜಪ್ಪ ಎಂಟು ದಿನ ಸಮಯ ಕೇಳಿ ಎದ್ದರು.

ಮುಂದಿನ ಬಸ್ಸು ಐದೂ ಇಪ್ಪತ್ತಕ್ಕೆ. ಅದರ ಕಂಡಕ್ಟರ್ ಸ್ಟ್ಯಾನಿಸ್ಲಾಸ್. ಆದರೆ ಮಾರ್ಕೆಟಿನಿಂದ ಮರಳುವ ಮೀನಿನ ಹೆಂಗಸರ ಬುಟ್ಟಿಗಳೆಲ್ಲ ಹತ್ತುವುದು ಅದಕ್ಕೇ. ಅರ್ಚಕರ ಮಗಳು ಅದರಲ್ಲಿ ಬರಲಿ ಎಂದು ಭಟ್ಟರ ಎದುರು ಬಾಯಿಬಿಡುವ ಧೈರ್ಯ ದೇಜಪ್ಪನವರಿಗಿಲ್ಲ. ಉಳಿದದ್ದು ಒಂದೇ ದಾರಿ: ಎರಡು ಬಸ್ಸುಗಳ ಟೈಮು ಅದಲುಬದಲು. ಇಲ್ಲಿ ಮಾತ್ರ ಕಷ್ಟ. ಕಟಪಾಡಿ ಸ್ಟಾಪಿನಲ್ಲಿ ದೇಜಪ್ಪ ಒಂದು ನಿಮಿಷ ಹೆಚ್ಚು ನಿಂತು ಸ್ಟ್ಯಾನಿಸ್ಲಾಸನ ಪಾಲಿನ ಜನ ಹತ್ತಿಸಿಕೊಂಡರೆಂದು ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಎರಡು ವರ್ಷ.

ಸಂಧಾನಕ್ಕೆ ಸಿಕ್ಕಿದ್ದು ಮೀನು ಮಾರುವ ಅಪ್ಪಿಯಕ್ಕ. ಮೊದಲು ಅವಳು ಬೈದಳು. "ನಿಮ್ಮ ಕಾಲೇಜು ರಾಣಿಯರಿಗೆ ನಮ್ಮ ಬುಟ್ಟಿ ನಾತ ಅಂತ ಹತ್ತಲಿಕ್ಕೆ ಬಿಡ್ಲಿಲ್ಲ. ಈಗ ನಾವು ಬೇಕಾಯ್ತಾ?" ಆಮೇಲೆ ಲೆಕ್ಕ ಹಾಕಿದಳು. "ನಾಲ್ಕಕ್ಕೇ ಬುಟ್ಟಿ ಖಾಲಿಯಾಗ್ತದೆ. ಅಲ್ಲಿಂದ ನೊಣ ಓಡಿಸುತ್ತಾ ಕೂರುವುದು ನಾವೇ. ಮೊದಲು ಹೋಗುವುದಾದರೆ ಆಗಬಹುದು." ಅವಳೇ ಸ್ಟ್ಯಾನಿಸ್ಲಾಸನನ್ನು ಕರೆತಂದು ಎದುರು ನಿಲ್ಲಿಸಿದಳು.

"ಟೈಮು ಬದಲಿಸುವ," ಎಂದ ಸ್ಟ್ಯಾನಿಸ್ಲಾಸ್. "ಕಟಪಾಡಿಯ ಆ ನಿಮಿಷ ನನ್ನದು ಅಂತ ಹೇಳು ಮೊದಲು."

"ನಿನ್ನದೇ ಮಾರಾಯ," ಎಂದರು ದೇಜಪ್ಪ. ಅಪ್ಪಿಯಕ್ಕ ಸಾಕ್ಷಿ.

ಮಾಲೀಕರಿಬ್ಬರೂ ಒಪ್ಪಿದ್ದಾರೆ, ಸಾರಿಗೆ ಕಚೇರಿಯ ಮಂಜೂರಾತಿ ಕಳೆದ ವಾರ ಬಂದಿದೆ. ಅಂದೇ ಸಂಜೆ ದೇಜಪ್ಪ ಭಟ್ಟರ ಮನೆಗೆ ಹೋದರು. ಭಟ್ಟರು ಗಡಿಯಾರ ನೋಡಿದರು, ಬಾನು ನೋಡಿದರು. "ಆರಕ್ಕೆ ಇಲ್ಲಿ. ದೀಪಕ್ಕೆ ಮೊದಲೇ ಆಯ್ತಲ್ಲ. ಬಿ.ಎಸ್ಸಿ.ಯೇ ಆಗಲಿ," ಎಂದರು. ಮೂರು ವರ್ಷದ ಓದು ಅಷ್ಟರಲ್ಲಿ ತೀರ್ಮಾನವಾಯಿತು. ಕೇಳದೆಯೇ ಮನೋರಮಾಳಿಂದ ಎರಡನೆಯ ಲೋಟ ಕಾಫಿ ಬಂತು. ರಸ್ತೆಗಿಳಿದ ದೇಜಪ್ಪ ಬಹಳ ದಿನಗಳ ಮೇಲೆ ನಿಧಾನವಾಗಿ ನಡೆದರು.

ಪಿಯುಸಿ ಫಲಿತಾಂಶ ಇನ್ನೂ ಬಂದಿಲ್ಲ. ಸ್ಟ್ಯಾನಿಸ್ಲಾಸ್ ಈಗ ದಿನವೂ ಕೆಣಕುತ್ತಾನೆ: "ಇಷ್ಟೆಲ್ಲ ಮಾಡಿ ಹುಡುಗಿ ಫೇಲಾದರೆ ಎಂತ ಮಾಡ್ತಿ?"

ದೇಜಪ್ಪ ಸೀಟಿ ಬಾಯಿಗೆ ಇಡುವ ಮೊದಲು ಉತ್ತರ ಕೊಡುತ್ತಾರೆ. "ಫೇಲಾಗುವುದಾದರೆ ಕೆಮಿಸ್ಟ್ರಿಯಿಂದ ಆಗ್ಲಿ. ಬಸ್ಸಿಂದ ಬೇಡ."