ಎದೆಯ ಮೇಲೆ ಇನ್ನೊಬ್ಬರ ಹೆಸರು

ಎದೆಯಗಲಕ್ಕೂ ಕಂಪನಿಯ ಹೆಸರಿರುವ ಟೀ ಶರ್ಟ್ ತೊಟ್ಟು ಯಾರಾದರೂ ಬಂದರೆ ಕತ್ತರಿ ಅಕ್ಕ ಮುಖ ಗಂಟಿಕ್ಕುತ್ತಿದ್ದಳು. ಪ್ಯಾಂಟಿನ ಉದ್ದ ಅಳೆಯುತ್ತಲೇ ಶುರು.

“ಎದೆ ಮೇಲೆ ಬೋರ್ಡ್ ಹಾಕ್ಕೊಂಡು ಊರೆಲ್ಲಾ ಸುತ್ತೀಯಲ್ಲಪ್ಪ, ಅವರೇನು ನಿಂಗೆ ಬಾಡಿಗೆ ಕೊಡ್ತಾರಾ?”

ಕೆಲವರು ನಗುತ್ತಿದ್ದರು. ಕೆಲವರು ಪ್ಯಾಂಟ್ ಕಿತ್ತುಕೊಂಡು ಹೊರಟುಬಿಡುತ್ತಿದ್ದರು. ಹೋದವರ ಬೆನ್ನಿಗೂ ಒಂದು ಮಾತು ಬೀಳುತ್ತಿತ್ತು.

ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗವೇ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ. ಸಡಿಲವಾದದ್ದನ್ನು ಬಿಗಿ ಮಾಡುವುದು, ಹರಿದದ್ದನ್ನು ಕೂಡಿಸುವುದು ಅವಳ ಕಸುಬು. ಪಕ್ಕದ್ದು ನನ್ನ ಇಸ್ತ್ರಿ ಅಂಗಡಿ. ಈ ಲೋಗೋ ಕಂಡರೆ ನಿನಗ್ಯಾಕೆ ಇಷ್ಟು ಉರಿ ಎಂದು ನಾನು ಎಷ್ಟು ಸಲ ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದ್ದು ಅವಳ ತಂಗಿ.

ಕತ್ತರಿ ಅಕ್ಕ ಹದಿನಾಲ್ಕು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದವಳು. ಅಂಗಿಗಳ ಎದೆಗೆ ಲೋಗೋ ಕಸೂತಿ ಹಾಕುವ ಯಂತ್ರ ಅವಳದು. ಬಟ್ಟೆಯ ಹಿಂದೆ ಗಟ್ಟಿ ಕಾಗದ ಇಟ್ಟು, ಬಳೆಯಂಥ ಚೌಕಟ್ಟಿಗೆ ಬಿಗಿದು, ಸೂಜಿಯ ಕೆಳಗೆ ಕೂರಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಅಂಗಿ ವಾಪಸ್ಸು. ಅವಳ ಕೈಯಿಂದ ಹೋದದ್ದು ವಾಪಸ್ಸಾಗಿದ್ದು ಅಪರೂಪ. ಸಂಜೆ ಮಾತ್ರ ಎಲ್ಲರಂತೆ ಅವಳೂ ಗೇಟಿನಲ್ಲಿ ಚೀಲ ತೆರೆದು, ಕೈ ಎತ್ತಿ, ಮೈ ತಡವಿಸಿಕೊಂಡೇ ಹೊರಗೆ ಬರಬೇಕಿತ್ತು.

ಒಂದು ಚಳಿಗಾಲ ತಂಗಿ ಫುಟ್‌ಪಾತಿನಲ್ಲಿ ಸಿಕ್ಕ ದಪ್ಪನೆಯ ಟೀ ಶರ್ಟ್ ತಂದುಕೊಟ್ಟಳು. ಎದೆ ಮೇಲೆ ಅದೇ ಲೋಗೋ, ಅಂಗೈ ಅಗಲ. ಅಕ್ಕನಿಗೆ ಖುಷಿಯೇ ಆಯಿತಂತೆ. ಕಂಡವರ ಎದೆಗೆಲ್ಲ ಹಾಕಿಕೊಟ್ಟದ್ದನ್ನು ಮೊದಲ ಸಲ ತನ್ನ ಎದೆ ಮೇಲೆ ನೋಡಿಕೊಂಡು ಕನ್ನಡಿ ಮುಂದೆ ಎರಡು ಸಲ ತಿರುಗಿದಳಂತೆ. ಕೆಲಸದ ಕೋಟಿನ ಒಳಗೆ ಅದನ್ನೇ ತೊಟ್ಟು ಹೋದಳು. ಸಂಜೆ ಕೋಟು ಬಿಚ್ಚಿ ಸಾಲಿನಲ್ಲಿ ನಿಂತಾಗ ಗೇಟಿನ ಹೆಂಗಸು ತಡೆದಳು.

ಪಕ್ಕದ ಕೋಣೆಯಲ್ಲಿ ಟೀ ಶರ್ಟ್ ಬಿಚ್ಚಿಸಿದರು. ಮತ್ತೆ ಕೋಟು ತೊಟ್ಟು ಮೂಲೆಯಲ್ಲಿ ನಿಂತಳು. ಸೂಪರ್‌ವೈಸರ್ ಬಂದ. ಬಾಗಿಲು ಯಾರೂ ಹಾಕಲಿಲ್ಲ. ಸಾಲಿನಲ್ಲಿದ್ದವರೆಲ್ಲ ಇಣುಕುತ್ತಿದ್ದರು.

“ಎಲ್ಲಿಂದ ಎತ್ತಿದೆ?”

“ಎತ್ತಿಲ್ಲ ಸರ್. ನನ್ನ ತಂಗಿ ಕೊಟ್ಟಿದ್ದು.”

“ಸಿಕ್ಕಿಬಿದ್ದವರಿಗೆಲ್ಲ ಒಬ್ಬಳು ತಂಗಿ ಇರ್ತಾಳೆ ಬಿಡು.”

ಅಕ್ಕ ಅಂಗಿಯನ್ನು ಅವನ ಕೈಯಿಂದ ತೆಗೆದುಕೊಂಡು ಒಳಮೈ ಹೊರಮಾಡಿದಳು. “ಹಿಂದೆ ನೋಡಿ ಸರ್. ಕಾಗದ ಇಲ್ಲ. ದಾರ ಸಡಿಲ, ಬರೀ ಗಂಟು. ಇದು ನಮ್ಮಲ್ಲಿ ಆದದ್ದಲ್ಲ. ನನ್ನ ಕೈದಂತೂ ಅಲ್ಲವೇ ಅಲ್ಲ.”

ಅವನು ಹೆಬ್ಬೆರಳಿನಿಂದ ಉಜ್ಜಿ ನೋಡಿ ಹೋ ಎಂದು ನಕ್ಕ. “ನಕಲಿನಾ! ನಂಗೆ ಮೊದಲೇ ಹೊಳೀಬೇಕಿತ್ತು. ನಿಮ್ಮಂಥೋರ ಮೈಮೇಲೆ ಅಸಲಿ ಎಲ್ಲಿಂದ ಬರುತ್ತೆ?”

ಸಾಲಿನಲ್ಲಿದ್ದ ಒಂದಿಬ್ಬರೂ ನಕ್ಕರು. ಕಳ್ಳಿ ಅಂದದ್ದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ, ಆ ನಗು ಗಂಟಲಲ್ಲಿ ಇಳಿಯಲಿಲ್ಲ. ಮರುದಿನದಿಂದ ಆ ಕಡೆ ತಲೆ ಹಾಕಲಿಲ್ಲ.

ಅಂಗಡಿ ಇಟ್ಟ ಮೇಲೆ, ಲೋಗೋ ಬಿಚ್ಚಿಕೊಡಿ ಎಂದು ಬರುವ ಒಬ್ಬಿಬ್ಬರ ಕೆಲಸ ಮಾತ್ರ ಉತ್ಸಾಹದಿಂದ ಮಾಡುತ್ತಿದ್ದಳು. ಬಟ್ಟೆಗೆ ತೂತಾಗದಂತೆ ಒಂದೊಂದೇ ಎಳೆ ಕೀಳುವಾಗ ಅವಳು ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಒಬ್ಬ ವ್ಯಾಪಾರಿ ಸಾದಾ ಅಂಗಿಗಳ ಗಂಟು ತಂದು, ದೊಡ್ಡ ಕಂಪನಿಯ ಚೀಟಿ ಹೊಲಿದುಕೊಡು ಎಂದ ದಿನ ಆ ಗಂಟು ಬೀದಿಗೆ ಬಿತ್ತು.

ಹೀಗಿರುವಾಗ ತಂಗಿಯ ಮಗಳಿಗೆ ಬಟ್ಟೆ ಶೋರೂಮಿನಲ್ಲಿ ಕೆಲಸ ಸಿಕ್ಕಿತು. ಕೊಟ್ಟ ಯೂನಿಫಾರಂ ಸೊಂಟದ ಹತ್ತಿರ ದೊಗಳೆ. ಎದೆಗೂ ಬೆನ್ನಿಗೂ ಕಂಪನಿಯ ಹೆಸರು. ದೊಡ್ಡಮ್ಮನ ಮಡಿಲಲ್ಲೇ ಬೆಳೆದ ಹುಡುಗಿ ಅದನ್ನು ಹಿಡಿದು ನೇರ ಅಂಗಡಿಗೆ ಬಂದಳು.

“ಇದನ್ನ ನಾನು ಮುಟ್ಟಲ್ಲ,” ಅಂದಳು ಅಕ್ಕ. “ಹಿಂದೆ ಮುಂದೆ ಮುದ್ರೆ ಹೊಡೆಸಿಕೊಂಡು ನಿಲ್ಲೋಕೆ ನೀನೇನು ಸಂತೆಗೆ ಬಂದ ದನಾನಾ?”

ಹುಡುಗಿಯ ಕಣ್ಣು ಕೆಂಪಾಯಿತು. “ನಿಂಗೆ ಅವಮಾನ ಮಾಡಿದ್ದು ಈ ಅಕ್ಷರ ಅಲ್ಲ ದೊಡ್ಡಮ್ಮ, ಆ ಮನುಷ್ಯ. ಅವನು ನಕ್ಕಾಗ ಬಾಯಿ ಮುಚ್ಕೊಂಡು ಬಂದೆ. ಇಲ್ಲಿ ಕೂತು ಬಟ್ಟೆ ಮೇಲೆ, ನನ್ನ ಮೇಲೆ ಸಿಟ್ಟು ತೀರಿಸ್ಕೊಳ್ತಿದೀಯ.”

ಅಕ್ಕ ಯೂನಿಫಾರಂ ಎತ್ತಿ ಹೊರಗೆಸೆದಳು. ಹುಡುಗಿ ಧೂಳು ಕೊಡವಿಕೊಂಡು ಹೋದವಳು ನಾಲ್ಕು ತಿಂಗಳು ಮುಖ ತೋರಿಸಲಿಲ್ಲ.

ಆ ಮಾತು ಒಳಗೇ ಕೊರೆಯುತ್ತಿತ್ತೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಅಕ್ಕ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿ, “ಲೋ ಇಸ್ತ್ರಿ, ಸ್ಕೂಟರ್ ತೆಗಿ,” ಅಂದಳು. ಹೋದದ್ದು ಕಾರ್ಖಾನೆಗೆ. ಕೆಲಸ ಬಿಡುವ ಹೊತ್ತಿಗೆ ಗೇಟಿನೆದುರು ನಿಂತೆವು. ಸೂಪರ್‌ವೈಸರ್ ಬಂದ. ತಲೆ ಅರ್ಧ ಬೋಳಾಗಿತ್ತು.

“ನನ್ನ ಗುರುತು ಸಿಕ್ತಾ ಸರ್?”

ಅವನು ಹುಬ್ಬು ಗಂಟಿಕ್ಕಿದ. ಅವಳು ಆ ಟೀ ಶರ್ಟಿನ ವಿಷಯ ಹೇಳಿದಳು. ಆಗಲೂ ಅವನು ಇಲ್ಲವೆಂದು ತಲೆಯಾಡಿಸಿದ. “ಯಾವ ಶರ್ಟಮ್ಮ? ನಂಗೆ ನೆನಪಿಲ್ಲ.”

“ನೆನಪಿಲ್ದೇ ಇದ್ರೆ ಈಗ ಕೇಳಿಸ್ಕೊಳ್ಳಿ.” ದನಿ ಏರಿತು. ಹೊರಗೆ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನಿಂತರು. ಬಟ್ಟೆ ಬಿಚ್ಚಿಸಿದ್ದು, ತೆರೆದಿಟ್ಟ ಬಾಗಿಲು, ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದಳು. “ಹದಿನಾಲ್ಕು ವರ್ಷ ನಿಮ್ಮ ಅಸಲಿ ಮಾಡಿಕೊಟ್ಟೋಳು ನಾನು. ತಪ್ಪಾಯ್ತು ಅಂತ ಒಂದು ಮಾತು ಬರಲಿಲ್ಲ ನಿಮ್ಮ ಬಾಯಲ್ಲಿ.”

“ಏಯ್, ಇವಳನ್ನ ಕಳಿಸ್ರೀ ಆಚೆ!” ಎಂದು ಅವನು ಗೇಟಿನ ಕಡೆ ಕೂಗಿದ. ಗೇಟಿನ ಹೆಂಗಸು ಕುರ್ಚಿ ಬಿಟ್ಟು ಏಳಲಿಲ್ಲ. ಅವನೇ ಕಾರು ಹತ್ತಿ ಹೋದ. ತಪ್ಪಾಯ್ತು ಅನ್ನಲಿಲ್ಲ.

“ಸಮಾಧಾನ ಆಯ್ತಾ?” ದಾರಿಯಲ್ಲಿ ಕೇಳಿದೆ.

“ಸುಡುಗಾಡು ಸಮಾಧಾನ. ಮುಂದೆ ನೋಡ್ಕೊಂಡು ಓಡ್ಸು.”

ಸುದ್ದಿ ಮುಟ್ಟಿ ಹುಡುಗಿ ಆ ಭಾನುವಾರ ಬಂದಳು, ಸೊಂಟಕ್ಕೆ ಪಿನ್ನು ಚುಚ್ಚಿದ ಅದೇ ಯೂನಿಫಾರಂನಲ್ಲಿ. ನನ್ನ ಅಂಗಡಿಯ ಪರದೆಯ ಹಿಂದೆ ಬಟ್ಟೆ ಬದಲಿಸಿ ಅದನ್ನು ಕೊಟ್ಟಳು. ಅಕ್ಕ ಎರಡೂ ಬದಿ ಬಿಚ್ಚಿ, ಒಳಕ್ಕೆ ಹಿಡಿದು, ಬಿಗಿ ಹೊಲಿದಳು. ಅಕ್ಷರದ ಮೇಲೆ ಬೆರಳು ತಾಗದಂತೆ ಅಂಚು ಹಿಡಿದೇ ಹೊಲಿದಳು.

“ಇದು ನಿನ್ನ ಹೊಟ್ಟೆಪಾಡು, ಅಡ್ಡ ಬರಲ್ಲ. ಆದ್ರೆ ಇದನ್ನ ತೊಟ್ಟುಕೊಂಡು ನನ್ನ ಮನೆಗೆ ಊಟಕ್ಕೆ ಬಂದೆಯೋ, ತಟ್ಟೆ ಇಡಲ್ಲ.”

“ಆಯ್ತು ಮಹಾತಾಯಿ,” ಅಂದಳು ಹುಡುಗಿ.

ಈಗ ಅವಳು ಕೆಲಸ ಮುಗಿಸಿ ನೇರ ನನ್ನ ಅಂಗಡಿಗೆ ಬರುತ್ತಾಳೆ. ಪರದೆಯ ಹಿಂದೆ ಸಾದಾ ಅಂಗಿ ತೊಟ್ಟು, ಯೂನಿಫಾರಂ ನನ್ನ ಮೇಜಿನ ಮೇಲೆ ಬಿಸಾಕಿ, ದೊಡ್ಡಮ್ಮನ ಮನೆಗೆ ಹೋಗುತ್ತಾಳೆ.