ದಮಾಸೊನ ಮೀಸೆ ಮತ್ತು ನೂಬೆ

ಕುರಿ ಹಿಡಿಯುವ ದೊಡ್ಡ ಕಾಡುಬೆಕ್ಕು ಪೂಮಾ ಹತ್ತು ಹೆಜ್ಜೆಯಷ್ಟು ಹತ್ತಿರ ಬಂದರೆ ಸಾಕು, ಗಾಢ ನಿದ್ದೆಯಲ್ಲಿದ್ದರೂ ತನ್ನ ಮೀಸೆ ನೆಟ್ಟಗೆ ಎದ್ದು ನಿಲ್ಲುತ್ತದೆಂದು ಕುರಿ ಕಾಯುವ ಮುದುಕ ದಮಾಸೊ ಇಡೀ ಪಟಗೋನಿಯಾಕ್ಕೆ ಸಾರಿದ್ದ. ಕುರಿಗಳಿರಲಿ, ಅವುಗಳ ನೆರಳನ್ನೂ ಗಡಿಯಾಚೆ ಹಾರಿಸಿಕೊಂಡು ಹೋಗುವ ಅಲ್ಲಿನ ಗಾಳಿಗೂ ಆ ಮೀಸೆ ಅಲುಗುತ್ತಿರಲಿಲ್ಲವಂತೆ.

ತಾಯಿ ಸತ್ತ ಹೆಣ್ಣು ಪೂಮಾ ಮರಿಯೊಂದನ್ನು ಅವನೇ ಕುರಿದೊಡ್ಡಿಯ ಹಿಂದೆ ಬೇಲಿ ಹಾಕಿ ಸಾಕಿದ್ದ. ಅವರ ಮಾತಿನಲ್ಲಿ ಮೋಡ ಎಂದಾಗುವ ನೂಬೆ ಎಂಬ ಹೆಸರಿಟ್ಟಿದ್ದ. ಮರಿ ಈಗ ಬೆಳೆದಿತ್ತು.

"ಬೆಟ್ಟಕ್ಕೆ ಬಿಟ್ಟು ಬಾ. ತಿರುಗಿ ದೊಡ್ಡಿಗೆ ಬಂತೋ, ಗುಂಡು ಹೊಡೀತೀನಿ," ಎಂದುಬಿಟ್ಟ ದೊಡ್ಡಿಯ ಮೇಸ್ತ್ರಿ.

ಬೆಟ್ಟದ ಮೇಲೆ ಹಗ್ಗ ಬಿಚ್ಚಿದೊಡನೆ ನೂಬೆ ಹಿಂದಿರುಗಿ ನೋಡದೆ ಹೊರಟುಹೋಯಿತು. ದಮಾಸೊ ಬಿಸಿಲಲ್ಲಿ ಕೂತು ಮಾಟೆ ಸೊಪ್ಪಿನ ಕಷಾಯ ಕಾಯಿಸಿದ. ಸೋರೆಬುರುಡೆಯ ಬಟ್ಟಲಲ್ಲಿ ಮೊದಲ ಸರದಿ ತಾನು ಕುಡಿದು, ಎರಡನೆಯ ಸರದಿ ಜೊತೆಗಾರನದಲ್ಲವೇ ಎಂದು ಜೊತೆಗೆ ಯಾರೂ ಇಲ್ಲದಿದ್ದರೂ ರೂಢಿಯಂತೆ ಮತ್ತೆ ತುಂಬಿ ಪಕ್ಕಕ್ಕಿಟ್ಟ. ಕಣ್ಣು ತೂಗಿತು. ಮೋಡವೊಂದು ಮೆಲ್ಲಗೆ ಇಳಿದು ಬಂದು, ಬೆನ್ನಿಗೊರಗಿ ಗುರುಗುಟ್ಟಿದ ಹಾಗೆ ಕನಸು ಬಿತ್ತು.

ಎಚ್ಚರವಾದಾಗ ಬೆನ್ನು ಇನ್ನೂ ಬೆಚ್ಚಗಿತ್ತು, ಬುರುಡೆ ಮಗುಚಿ ಬಿದ್ದಿತ್ತು. ಪೂಮಾದ ಹೆಜ್ಜೆಗುರುತುಗಳು ದೊಡ್ಡಿಯತ್ತ ಅಲ್ಲ, ದೂರದ ಹಿಮದತ್ತ ಹೋಗಿದ್ದವು. ದಮಾಸೊ ಮೂಗೊರೆಸಿಕೊಂಡು ಮನೆಯ ದಾರಿ ಹಿಡಿದ.

ಹೆಂಡತಿ ಸುಲೇಮಾ ಅವನು ಹೊದ್ದಿದ್ದ ಕಂಬಳಿಯ ಬೆನ್ನಿನಿಂದ ಹಿಡಿ ತುಂಬ ಕಂದು ಕೂದಲು ಕಿತ್ತಳು.

"ಏನಜ್ಜಾ, ಪೂಮಾ ಬೆನ್ನಿಗೇ ಒರಗಿ ಮಲಗೆದ್ದು ಹೋಗಿದೆಯಲ್ಲ! ನಿನ್ನ ಮೀಸೆ ಎಲ್ಲಿ ಹಾಳಾಗಿ ಹೋಗಿತ್ತು?"

"ಲೇ ಪೆದ್ದಿ, ಗುರ್ತಿಲ್ಲದೋರು ಬಂದ್ರೆ ಮಾತ್ರ ಮೀಸೆ ಎದ್ದು ನಿಲ್ಲೋದು. ಮನೆ ಮಗಳು ಬಂದ್ರೆ ಯಾಕೆ ನಿಲ್ಲುತ್ತೆ?"