ಪವಿತ್ರಾಳ ಸುತ್ತ ಕಪ್ಪು ಅಂಚು

ಕಳೆದ ಮಾರ್ಚ್ ತಿಂಗಳ ಎರಡನೆಯ ರವಿವಾರ ಬೆಳಿಗ್ಗೆ, ಬ್ಯಾಡಗಿಯ ಏಳನೆಯ ತರಗತಿ ವಿದ್ಯಾರ್ಥಿನಿ ಪವಿತ್ರಾ ತೀರಿಕೊಂಡಳೆಂದು ಮೋಟೆಬೆನ್ನೂರಿನಲ್ಲಿರುವ ಅವಳ ಅಜ್ಜಿಗೆ ತಿಳಿಯಿತು. ಪವಿತ್ರಾ ಆ ಹೊತ್ತಿಗೆ ತನ್ನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಳು. ಸುದ್ದಿಯ ಮೂಲ ನಾನು.

ಹಾವೇರಿಯ ಸಣ್ಣ ದಿನಪತ್ರಿಕೆಯೊಂದರಲ್ಲಿ ಜೀವಮಾನವೆಲ್ಲ ಪುಟ ಕಟ್ಟಿ ನಿವೃತ್ತನಾದವನು ನಾನು. ಖಚಿತವಾಗದ ಸಾವನ್ನು ಒಂದು ದಿನವೂ ಅಚ್ಚು ಮಾಡಲಿಲ್ಲವೆಂಬ ಹೆಮ್ಮೆ ನನಗಿತ್ತು. ಅದು ಮುರಿದದ್ದು ನಿವೃತ್ತಿಯ ನಂತರ, ಯಾರೂ ಒತ್ತಾಯಿಸದ ಒಂದು ಕೆಲಸದಲ್ಲಿ.

ಪವಿತ್ರಾ ಕಲಿಯುವ ಬ್ಯಾಡಗಿಯ ಶಾಲೆ ಏಳನೆಯ ತರಗತಿ ಮುಗಿಸುವ ಮಕ್ಕಳಿಗಾಗಿ ಪ್ರತಿ ವರ್ಷ ಒಂದು ಸಂಚಿಕೆ ತರುತ್ತದೆ. ಅದನ್ನು ನೋಡಿಕೊಳ್ಳುವ ಶಿಕ್ಷಕಿ ಸವಿತಾ ಅಕ್ಕೋರು, ಪುಟ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಕೇಳಲು ನನ್ನ ಮನೆಗೆ ಬಂದರು. ಅವರ ಮನಸ್ಸು ಮೊಬೈಲಿನ ಒಂದು ಆ್ಯಪ್ ಮೇಲಿತ್ತು. ರಾಣೆಬೆನ್ನೂರಿನ ಮುದ್ರಕರು ಪುಕ್ಕಟೆ ಸಿಗುವ ಇನ್ನೊಂದನ್ನು ಸೂಚಿಸಿದ್ದರು. ಎರಡನ್ನೂ ಒಮ್ಮೆ ತೆರೆದು ನೋಡಿ, ಪೂರ್ತಿ ಪರೀಕ್ಷಿಸಿದವನಂತೆ ಮುಖ ಮಾಡಿಕೊಂಡೆ. ಆ್ಯಪ್ ಪುಟದ ಮೂಲೆಮೂಲೆಗೂ ಬಲೂನು ಹಾಕುತ್ತಿತ್ತು. ಪುಕ್ಕಟೆಯದರಲ್ಲಿ ಪ್ರತಿ ಗುಂಡಿಯೂ ನಾನು ನೆನೆಸಿದ ಜಾಗ ಬಿಟ್ಟು ಬೇರೆಲ್ಲೋ ಇತ್ತು.

“ಇವೆಲ್ಲ ಆಟಿಗಿ ಸಾಮಾನ್ರಿ ಅಕ್ಕೋರ,” ಎಂದೆ. “ಪುಟ ಅಂದ್ರ ಶಿಸ್ತು ಬೇಕು. ನಮ್ಮ ಪೇಪರಿನ ಸಾಫ್ಟ್‌ವೇರ್ ನನ್ನ ಹಳೇ ಕಂಪ್ಯೂಟರಿನ್ಯಾಗ ಐತಿ. ನಾನೇ ಮಾಡಿ ಕೊಡ್ತೇನಿ.”

“ನಮ್ಮ ಹುಡುಗೂರಿಗೆ ಬಲೂನು ಸೇರ್ತಾವ್ರಿ ಸರ್,” ಎಂದರು ಅಕ್ಕೋರು, ಮೆಲ್ಲಗೆ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅರವತ್ತು ದಾಟಿದವನಿಗೆ ಹೊಸದನ್ನು ಕಲಿಯುವ ಅಂಜಿಕೆ ಇರುತ್ತದೆ. ಅದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟಿದ್ದೆ.

ಆ ಶಾಲೆಯಲ್ಲೊಂದು ರೂಢಿಯಿದೆ. ಗ್ರೂಪ್ ಫೋಟೋದ ದಿನ ಬಾರದ ಮಕ್ಕಳ ಪಾಸ್‌ಪೋರ್ಟ್ ಅಳತೆಯ ಚಿತ್ರವನ್ನು ಪುಟದ ಮೇಲ್ಮೂಲೆಯಲ್ಲಿ ಬೇರೆಯಾಗಿ ಹಾಕುತ್ತಾರೆ. ಈ ಸಲ ಬಾರದವಳು ಪವಿತ್ರಾ ಒಬ್ಬಳೇ. ಸೋದರತ್ತೆಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆ ಗುತ್ತಲಕ್ಕೆ ಹೋಗಿದ್ದಳು. ಮಕ್ಕಳ ಹೆಸರಿನ ಜೊತೆ ಶಾಲೆಗೆ ಸೇರಿದ ವರ್ಷ ಮತ್ತು ಬಿಡುವ ವರ್ಷ ಹಾಕುವುದೂ ಅಲ್ಲಿಯ ರೂಢಿ. ಒಂದು ಕಾಲಂ ಅಗಲದ ಚೌಕಟ್ಟಿಗಾಗಿ ಹಳೆಯ ಕಡತ ತೆರೆದೆ. ಸಿದ್ಧವಾಗಿಯೇ ಇತ್ತು. ಚಿತ್ರ ಕೂರಿಸಿದೆ, ಕೆಳಗೆ ಹೆಸರು, ಅದರ ಕೆಳಗೆ ಎರಡು ವರ್ಷಗಳು, ನಡುವೆ ಒಂದು ಗೆರೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅದು ನಾನು ನಿಧನ ವಾರ್ತೆಗೆ ಬಳಸುತ್ತಿದ್ದ ಚೌಕಟ್ಟು. ಸುತ್ತ ದಪ್ಪನೆಯ ಕಪ್ಪು ಅಂಚು. ದಿನವೂ ನೋಡಿ ನೋಡಿ, ಆ ಅಂಚು ನನ್ನ ಕಣ್ಣಿಗೆ ಕಾಣುವುದನ್ನೇ ಬಿಟ್ಟಿತ್ತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಶೋಕದ ಅಂಚಿನ ದಪ್ಪ ಪಟ್ಟಿಗಳನ್ನು ಹಿರಿಯ ಕೆಲಸಗಾರರೊಬ್ಬರು ಬೇರೆ ಖಾನೆಯಲ್ಲಿ ಇಟ್ಟುಕೊಂಡಿದ್ದರು. ಅವು ಬೇಕಾದರೆ ಎದ್ದು ಅವರ ತನಕ ಹೋಗಬೇಕು. “ಯಾರು ಹೋದ್ರು?” ಎಂದು ಕೇಳದೆ ಅವರು ಖಾನೆ ಎಳೆಯುತ್ತಿರಲಿಲ್ಲ. ನನ್ನ ಕಂಪ್ಯೂಟರ್ ಏನೂ ಕೇಳಲಿಲ್ಲ.

ಶನಿವಾರ ಸಂಜೆ ಕರಡು ಕಳಿಸಿದೆ. ನನ್ನ ಕೆಲಸದಲ್ಲಿ ನೋಡುವುದೇನಿದೆ ಎಂದುಕೊಂಡ ಅಕ್ಕೋರು, ಹೆಸರು ತಪ್ಪಿದ್ದರೆ ತಿಳಿಸಿ ಎಂದು ಪಾಲಕರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ರವಿವಾರ ಬೆಳಗಾಗುವಷ್ಟರಲ್ಲಿ ಅದು ಕೈಯಿಂದ ಕೈಗೆ ಸಾಗಿ ಮೋಟೆಬೆನ್ನೂರು ಮುಟ್ಟಿತ್ತು. ಪಕ್ಕದ ಮನೆಯವರ ಫೋನಿನಲ್ಲಿ ಮೊಮ್ಮಗಳನ್ನು ಕಪ್ಪು ಅಂಚಿನೊಳಗೆ ಕಂಡ ಅಜ್ಜಿ ಯಾರನ್ನೂ ಏನೂ ಕೇಳದೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅತ್ತರಂತೆ. ಬ್ಯಾಡಗಿಯಲ್ಲಿ ಬಾಗಿಲು ತೆಗೆದವಳು ಪವಿತ್ರಾ.

“ಅಜ್ಜೀ, ಯಾಕ ಅಳಾಕತ್ತೀ? ಯಾರಿಗೇನಾತು?”

ಅಜ್ಜಿ ಹೊಸ್ತಿಲಲ್ಲೇ ಕುಸಿದರು. ಹುಡುಗಿಯ ಗಲ್ಲ, ತೋಳು, ಜಡೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

ಪವಿತ್ರಾಳ ತಂದೆ ನನಗೆ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿದ್ದೆ. “ಇಷ್ಟ ವರ್ಷ ನೀವು ಹಾಕಿದ್ದೆಲ್ಲ ಖರೇ ಅಂತ ನಂಬೇವ್ರಿ ಸರ್,” ಎಂದರು. “ಇದನ್ನೂ ನಂಬಬೇಕೇನ್ರಿ?”

ಮುಂದಿನ ಬಸ್ಸಿಗೆ ಬ್ಯಾಡಗಿಗೆ ಹೋದೆ. ಅಕ್ಕೋರು ಆಗಲೇ ಬಂದು ತಲೆ ತಗ್ಗಿಸಿ ಕುಳಿತಿದ್ದರು. ಅಜ್ಜಿ ಒಂದೇ ಹಟ ಹಿಡಿದಿದ್ದರು: ಹುಡುಗಿಯ ಚಿತ್ರ ಆ ಪುಸ್ತಕದಲ್ಲಿ ಬರಲೇಕೂಡದು. “ಒಮ್ಮೆ ಆ ಚೌಕಟ್ಟಿನ್ಯಾಗ ಕುಂತಾಳ. ಸಾಕು.”

“ಏಳು ವರ್ಷ ಕಲ್ತೇನಿ,” ಎಂದಳು ಪವಿತ್ರಾ. “ಎಲ್ಲಾರೂ ಇದ್ದು ನಾ ಒಬ್ಬಾಕಿ ಇಲ್ಲಂದ್ರ, ಖರೇನ ಸತ್ತಂಗ ಆತಲ್ಲ ಅಜ್ಜಿ.”

ಆಮೇಲೆ ಅವಳು ನನ್ನ ಕಡೆ ತಿರುಗಿದಳು. “ಅಜ್ಜಾರ, ನಿಮ್ಮ ಪೇಪರಿನ್ಯಾಗ ತಪ್ಪಾದ್ರ ಏನ್ ಮಾಡ್ತಿದ್ರಿ?”

“ಮರುದಿನ ತಿದ್ದುಪಡಿ ಹಾಕ್ತಿದ್ವಿ.”

“ಎಲ್ಲಿ?”

“ಒಳಗಿನ ಪುಟದಾಗ. ಕೆಳಗ. ಸಣ್ಣ ಅಕ್ಷರದಾಗ.”

“ತಪ್ಪು ಅಷ್ಟ ದೊಡ್ಡದು ಮಾಡಿ, ತಿದ್ದೂದು ಇಷ್ಟ ಸಣ್ಣದೇನು?” ಎಂದರು ಅಜ್ಜಿ. ಬೆಳಗಿನಿಂದ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

“ದೊಡ್ಡದೇ ಮಾಡೋಣ್ರಿ ಯವ್ವಾ,” ಎಂದರು ಅಕ್ಕೋರು. “ಫೋಟೋನೇ ಮತ್ತೊಮ್ಮೆ ತಗಸೂಣು. ನೀವೂ ಬರ್ರಿ.”

ಮಂಗಳವಾರ ಶಾಲೆಯ ಅಂಗಳದಲ್ಲಿ ಗ್ರೂಪ್ ಫೋಟೋ ಮತ್ತೆ ತೆಗೆದರು. ಪುಟವನ್ನು ಅಕ್ಕೋರು ತಮ್ಮ ಮೊಬೈಲಿನ ಆ್ಯಪಿನಲ್ಲಿ ಮಾಡಿದರು. ಸಂಚಿಕೆ ರಾಣೆಬೆನ್ನೂರಿನಲ್ಲಿ ಅಚ್ಚಾಗಿ ಬಂದಿದೆ. ಪವಿತ್ರಾ ಮುಂದಿನ ಸಾಲಿನ ನಟ್ಟನಡುವೆ ಕುಳಿತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಮೋಟೆಬೆನ್ನೂರಿನ ಅಜ್ಜಿ, ಮೊಮ್ಮಗಳ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡು. ಪುಟದ ನಾಲ್ಕೂ ಮೂಲೆಗಳಲ್ಲಿ ಬಲೂನುಗಳಿವೆ.